ಬೆಕ್ಕಿನ ಬೊಜ್ಜು, ಬಟ್ಟಲು ಹಾಲು

ಮುಧೋಳ ಸೀಮೆಯ ಹೆಸರನ್ನು ಕೇಳಿದೊಡನೆ ಹೊರನಾಡಿನವರ ಕಣ್ಣೆದುರು ನಿಲ್ಲುವುದು ತೆಳುನಡುವಿನ, ನೀಳಕಾಲಿನ ಬೇಟೆನಾಯಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು; ತಿಮ್ಮಾಪುರದಲ್ಲಿ ಅದರ ತಳಿಯ ರಕ್ಷಣೆಗೆಂದೇ ಸಂಶೋಧನಾ ಕೇಂದ್ರವಿದೆ. ಅದರ ಮೈಕಟ್ಟು ಕೆಡದಂತೆ ಸಾಕುವ ಬಗೆಯನ್ನು ನಮ್ಮ ಭಾಗದ ಜನ ತಲೆತಲಾಂತರದಿಂದ ಬಲ್ಲರು. ಆದರೆ ಅದೇ ತಾಲ್ಲೂಕಿನ ಲೋಕಾಪುರದಂಥ ಊರುಗಳ ಮನೆಗಳಲ್ಲಿ ಒಲೆಯ ಬದಿಗೆ ಮಲಗಿರುವ ಬೆಕ್ಕಿನ ಮೈಯತ್ತ ಗಮನ ಹರಿಸುವವರು ವಿರಳ. ಅದು ದುಂಡಗಾದಷ್ಟೂ ನಾವು ಹಿಗ್ಗುತ್ತೇವೆ. 'ನಮ್ಮ ಮನಿ ಬೆಕ್ಕು ಹ್ಯಾಂಗ ಮೈ ತುಂಬ್ಯದ ನೋಡ್ರಿ' ಎಂದು ಬಂದವರಿಗೆ ತೋರಿಸುತ್ತೇವೆ. ಆ ತುಂಬಿದ ಮೈ ಆರೋಗ್ಯದ ಕುರುಹಲ್ಲ, ರೋಗದ ಮುನ್ಸೂಚನೆ ಎಂಬುದನ್ನು ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹಗೇವಿನ ಕಾವಲುಗಾರ

ಬೆಕ್ಕು ಮನುಷ್ಯನ ಬಳಿಗೆ ಬಂದುದು ಧಾನ್ಯದ ಜಾಡು ಹಿಡಿದು. ಕಾಳು ಕೂಡಿಟ್ಟಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳಷ್ಟು ಹಳೆಯದಾದ, ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ ಸಮಾಧಿಯೊಂದು ಪ್ರಾಕ್ತನಶಾಸ್ತ್ರಜ್ಞರಿಗೆ ದೊರೆತಿದೆ. ನಮ್ಮಲ್ಲಿಯೂ ಜೋಳವನ್ನು ಹಗೇವಿನಲ್ಲಿ, ಕಣಜದಲ್ಲಿ ಕಾಪಿಡುತ್ತಿದ್ದ ಕಾಲಕ್ಕೆ ಬೆಕ್ಕು ಮನೆಯ ದುಡಿಯುವ ಸದಸ್ಯನೇ ಆಗಿತ್ತು. ಮಠಗಳ ದಾಸೋಹದ ಉಗ್ರಾಣಕ್ಕೂ ಅದೇ ಕಾವಲು. ಒಂದು ಸಣ್ಣ ಇಲಿಯಿಂದ ಬೆಕ್ಕಿಗೆ ದೊರೆಯುವ ಶಕ್ತಿ ಸುಮಾರು 30 ಕಿಲೊ ಕ್ಯಾಲರಿ ಮಾತ್ರ. ಆದುದರಿಂದ ಹೊಟ್ಟೆ ತುಂಬಬೇಕಾದರೆ ದಿನಕ್ಕೆ ಏಳೆಂಟು ಬಾರಿಯಾದರೂ ಹೊಂಚಬೇಕು, ಜಿಗಿಯಬೇಕು, ಹತ್ತು ಸಲ ಹಾರಿ ಒಂಬತ್ತು ಸಲ ಸೋಲಬೇಕು. ಊಟವೂ ವ್ಯಾಯಾಮವೂ ಅದಕ್ಕೆ ಒಂದೇ ಆಗಿದ್ದವು.

ಇಂದು ಹಗೇವು ಮುಚ್ಚಿಹೋಗಿವೆ. ಮಾಳಿಗೆ ಮನೆಗಳ ಜಾಗದಲ್ಲಿ ಕಾಂಕ್ರೀಟಿನ ಮನೆಗಳೆದ್ದಿವೆ. ದುಡಿಮೆ ಹೋಯಿತು, ಬಟ್ಟಲು ಉಳಿಯಿತು. ಆ ಬಟ್ಟಲಿಗೆ ನಾವು ಸುರಿಯುವುದಾದರೂ ಏನನ್ನು? ಎಮ್ಮೆಯ ಹಾಲು, ಹಾಲಲ್ಲಿ ಕಿವುಚಿದ ಜೋಳದ ರೊಟ್ಟಿ, ಮೊಸರನ್ನ, ಹಬ್ಬದ ದಿನ ತುಪ್ಪ ಹಚ್ಚಿದ ಹೋಳಿಗೆಯ ಚೂರು.

ಬಟ್ಟಲಿನ ಲೆಕ್ಕ

ಮನೆಯೊಳಗೇ ಇರುವ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ 4 ಕಿಲೊ ತೂಕದ ಬೆಕ್ಕಿಗೆ ದಿನವೊಂದಕ್ಕೆ ಬೇಕಾಗುವ ಶಕ್ತಿ ಸುಮಾರು 200ರಿಂದ 240 ಕಿಲೊ ಕ್ಯಾಲರಿ. ಎಮ್ಮೆಯ ಗಟ್ಟಿ ಹಾಲಿನಲ್ಲಿ 100 ಮಿಲಿಲೀಟರಿಗೆ 100 ಕಿಲೊ ಕ್ಯಾಲರಿಗೆ ಕಡಿಮೆಯಿಲ್ಲ. ಬೆಳಿಗ್ಗೆ ಒಂದು ಸಣ್ಣ ಲೋಟ, ಸಂಜೆ ಒಂದು ಸಣ್ಣ ಲೋಟ ಎಂದರೆ ಅಲ್ಲಿಗೇ 200 ಮುಗಿಯಿತು. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯೊಂದರಲ್ಲಿ ಸುಮಾರು 170 ಕಿಲೊ ಕ್ಯಾಲರಿ ಇರುತ್ತದೆ. ಅದರ ಅರ್ಧವನ್ನು ಹಾಲಿಗೆ ಕಿವುಚಿದರೆ ಇನ್ನೂ 85 ಸೇರಿತು. ಅಂದರೆ ನಮ್ಮ ಕಣ್ಣಿಗೆ 'ಏನೂ ತಿಂದಿಲ್ಲ' ಎನಿಸುವ ಬೆಕ್ಕು ತನ್ನ ದಿನದ ಪಾಲನ್ನು ಮೀರಿ ಉಂಡಿರುತ್ತದೆ. ಮಿಕ್ಕುದು ಕೊಬ್ಬಾಗಿ ಕೂರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆಯಿದೆ. ಹಾಲು ಹಾಕುವವರೂ ಕಣ್ಣು ಮುಚ್ಚಿಯೇ ಹಾಕುತ್ತಿದ್ದೇವೆ. ಹಾಲನ್ನು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿ ನಕ್ಕವರು ನಾವು. ಆದರೆ ಬೆಳೆದ ಅನೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. ಹೊಟ್ಟೆಯುಬ್ಬರ, ಭೇದಿಗಳಿಗೆ ಹಲವೊಮ್ಮೆ ಹಾಲೇ ಕಾರಣ.

ಕಬ್ಬಿನ ಸೀಮೆಯವರಾದ ನಮಗೆ ಅಚ್ಚರಿಯೆನಿಸುವ ಇನ್ನೊಂದು ಸಂಗತಿಯಿದೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಸಿಹಿಯನ್ನು ಗುರುತಿಸುವ ಜೀನು ಅದರಲ್ಲಿ ನಿಷ್ಕ್ರಿಯವಾಗಿದೆಯೆಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಅದು ಹೋಳಿಗೆಗೆ ಬಾಯಿ ಹಾಕಿದರೆ ಬೆಲ್ಲಕ್ಕಾಗಿ ಅಲ್ಲ, ತುಪ್ಪದ ವಾಸನೆಗಾಗಿ.

ಗುರುತಿಸುವ ಬಗೆ

ಬೆಕ್ಕಿಗೆ ಬೊಜ್ಜು ಬಂದಿದೆಯೇ ಎಂಬುದನ್ನು ತಿಳಿಯಲು ಕೈ ಸಾಕು. ಎರಡೂ ಪಕ್ಕೆಗಳ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಬೇಕು. ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ತಗಲಿದರೆ ಮೈ ಹದವಾಗಿದೆ. ಒತ್ತಿ ಹುಡುಕಬೇಕಾದರೆ ಕೊಬ್ಬು ಕೂತಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಒಳಸರಿದಿರಬೇಕು. ಸೊಂಟವೇ ಕಾಣದೆ ಮೈ ಗಡಿಗೆಯಂತೆ ದುಂಡಗಿದ್ದರೆ ಎಚ್ಚರಗೊಳ್ಳಬೇಕು. ಮಾಳಿಗೆ ಹತ್ತಲು ಹಿಂಜರಿಯುವುದು, ಬೆನ್ನಿನ ಕೆಳಭಾಗವನ್ನು ನೆಕ್ಕಿಕೊಳ್ಳಲಾಗದೆ ಅಲ್ಲಿ ಕೂದಲು ಗಂಟುಗಟ್ಟುವುದು ಮುಂದಿನ ಲಕ್ಷಣಗಳು.

ತೂಕ ನೋಡಲು ಬುಟ್ಟಿಯಲ್ಲಿ ಕೂರಿಸಿ ತಕ್ಕಡಿಯ ಮೇಲಿಡಬಹುದು. ಇಲ್ಲವೇ ಬೆಕ್ಕನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ನಮ್ಮ ತೂಕವನ್ನು ಕಳೆಯಬಹುದು. ನಮ್ಮ ನಾಡಬೆಕ್ಕುಗಳ ತೂಕ ಸಾಮಾನ್ಯವಾಗಿ 3ರಿಂದ 5 ಕಿಲೊ. ಇರಬೇಕಾದುದಕ್ಕಿಂತ ನೂರಕ್ಕೆ 20ರಷ್ಟು ಹೆಚ್ಚಾದರೆ ಅದನ್ನು ಬೊಜ್ಜೆಂದೇ ಎಣಿಸಬೇಕು. ಮನುಷ್ಯರಲ್ಲಿ 10 ಕಿಲೊ ಹೆಚ್ಚಳವನ್ನು ಗಂಭೀರವಾಗಿ ಕಾಣುವ ನಾವು ಬೆಕ್ಕಿನಲ್ಲಿ 1 ಕಿಲೊ ಹೆಚ್ಚಳವನ್ನು ಅಲಕ್ಷಿಸುತ್ತೇವೆ. 4 ಕಿಲೊ ಬೆಕ್ಕಿಗೆ 1 ಕಿಲೊ ಎಂದರೆ 60 ಕಿಲೊ ಮನುಷ್ಯನಿಗೆ 15 ಕಿಲೊ ಏರಿದಂತೆ. ಬೊಜ್ಜಿನ ಬೆನ್ನಹಿಂದೆ ಸಕ್ಕರೆ ಕಾಯಿಲೆ, ಕೀಲುನೋವು, ಮೂತ್ರದ ತೊಂದರೆಗಳು ಬರುತ್ತವೆ.

ಬೆಕ್ಕಿಗೆ ಉಪವಾಸ ಸಲ್ಲದು

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. 'ನಾಲ್ಕು ದಿನ ಏನೂ ಹಾಕದಿದ್ದರೆ ತಾನೇ ಇಳಿಯುತ್ತದೆ, ಇಲಿಯನ್ನೂ ಹಿಡಿಯುತ್ತದೆ' ಎಂದು ಹಲವರು ಭಾವಿಸುತ್ತಾರೆ. ಇದು ಪ್ರಾಣಕ್ಕೆ ಎರವಾಗುವ ಭಾವನೆ. ಮನುಷ್ಯ ಒಂದೆರಡು ದಿನ ನಿರಾಹಾರನಾಗಿದ್ದು ಏಳಬಲ್ಲ; ಬೊಜ್ಜಿನ ಬೆಕ್ಕು ಹಾಗಲ್ಲ. ಅದು ಎರಡು ಮೂರು ದಿನ ಆಹಾರವಿಲ್ಲದೆ ಉಳಿದರೆ ಮೈಯ ಕೊಬ್ಬು ಕರಗಿ ಒಮ್ಮೆಲೇ ಯಕೃತ್ತಿಗೆ ನುಗ್ಗುತ್ತದೆ. ಅಷ್ಟನ್ನು ಸಂಸ್ಕರಿಸಲಾರದೆ ಯಕೃತ್ತು ಕೊಬ್ಬಿನಿಂದಲೇ ತುಂಬಿಕೊಂಡು ಸೋಲುತ್ತದೆ. ಕಿವಿಯ ಒಳಭಾಗ, ವಸಡು, ಕಣ್ಣಿನ ಬಿಳಿಭಾಗ ಹಳದಿಗಟ್ಟುತ್ತವೆ. ಚಿಕಿತ್ಸೆ ತಡವಾದರೆ ಬೆಕ್ಕು ಉಳಿಯುವುದಿಲ್ಲ. ಆದ್ದರಿಂದ ದಪ್ಪ ಬೆಕ್ಕು ಒಂದು ಇಡೀ ದಿನ ಬಟ್ಟಲನ್ನು ಮುಟ್ಟದಿದ್ದರೆ ಸಂತೋಷಪಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಸರಿಯಾದ ವೇಗವೆಂದರೆ ವಾರಕ್ಕೆ ಮೈತೂಕದ ನೂರಕ್ಕೆ ಅರ್ಧದಿಂದ ಒಂದು ಭಾಗ. 5.5 ಕಿಲೊ ಇರುವ ಬೆಕ್ಕನ್ನು 4 ಕಿಲೊಗೆ ತರಬೇಕೆಂದಿಟ್ಟುಕೊಳ್ಳೋಣ. ವಾರಕ್ಕೆ ಸುಮಾರು 50 ಗ್ರಾಂ ಇಳಿದರೆ ಗುರಿ ಮುಟ್ಟಲು 30 ವಾರ, ಎಂದರೆ ಏಳು ತಿಂಗಳು ಬೇಕು. ಯುಗಾದಿಗೆ ತೊಡಗಿದರೆ ದೀಪಾವಳಿಗೆ ಫಲ.

ಶಾಕಾಹಾರಿ ಮನೆಯ ಧರ್ಮಸಂಕಟ

ಬೆಕ್ಕಿಗೆ ಹಾಲು-ರೊಟ್ಟಿ ಬೇಡವೆಂದರೆ ಮತ್ತೇನು ಹಾಕಬೇಕು? ಸದ್ಭಕ್ತರ ಮನೆಗಳಲ್ಲಿ ಇದು ನಿಜವಾದ ಇಕ್ಕಟ್ಟು. ಸತ್ಯವನ್ನು ಮುಚ್ಚಿಡದೆ ಹೇಳಬೇಕಾಗಿದೆ: ಬೆಕ್ಕಿನ ದೇಹ ರಚಿತವಾದುದೇ ಮಾಂಸಾಹಾರಕ್ಕೆ. ನಾಯಿ ಧಾನ್ಯವನ್ನುಂಡೂ ಬಾಳಬಲ್ಲುದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಟೌರಿನ್ ಎಂಬ ಪೋಷಕಾಂಶವನ್ನು ಅದು ತನಗೆ ಸಾಕಾಗುವಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದು ದೊರೆಯುವುದು ಪ್ರಾಣಿಜನ್ಯ ಆಹಾರದಿಂದ, ಮುಖ್ಯವಾಗಿ ಮಾಂಸ ಮೀನುಗಳಿಂದ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಹಾಲಿನ ಪ್ರೋಟೀನಾದ ಕೇಸಿನ್ ಒಂದನ್ನೇ ಪ್ರೋಟೀನಿನ ಮೂಲವಾಗಿ ಕೊಟ್ಟು ಸಾಕಿದ ಬೆಕ್ಕುಗಳನ್ನು ಪರೀಕ್ಷಿಸಿದಾಗ ಅವುಗಳ ಕಣ್ಣಿನ ಅಕ್ಷಿಪಟಲ ನಶಿಸುತ್ತಿದ್ದುದು ಕಂಡುಬಂದಿತು. ಟೌರಿನ್ ಕೊರತೆಯಿಂದ ಹೃದಯದ ಸ್ನಾಯುವೂ ಸಡಿಲಗೊಂಡು ಹಿಗ್ಗುತ್ತದೆಂಬುದು 1987ರಲ್ಲಿ ಸ್ಪಷ್ಟವಾಯಿತು. ಅಂದರೆ ಹಾಲು-ರೊಟ್ಟಿಯ ಬೆಕ್ಕು ಹೊರಗೆ ಕೊಬ್ಬುತ್ತ ಒಳಗೆ ಬಡವಾಗುತ್ತಿರಬಹುದು. ಎಲ್ಲೋ ಒಂದು ಇಲಿ, ಹಲ್ಲಿ ಹಿಡಿದು ಆ ಕೊರತೆಯನ್ನು ತುಂಬಿಕೊಂಡರೆ ಅದರ ಪುಣ್ಯ. ಮನೆ ಬಿಟ್ಟು ಹೊರಡದ ಬೆಕ್ಕಿಗೆ ಆ ದಾರಿಯೂ ಇಲ್ಲ.

ಆಹಾರನಿಯಮವೆಂಬುದು ಅರಿತು ಕೈಕೊಂಡವರ ವ್ರತ. ಅರಿಯದ ಜೀವದ ಮೇಲೆ ಅದನ್ನು ಹೊರಿಸುವುದು ವ್ರತವೂ ಅಲ್ಲ, ದಯೆಯೂ ಅಲ್ಲ. ಅಡುಗೆಮನೆಯ ಆಚಾರಕ್ಕೆ ಭಂಗ ಬಾರದಂತೆ ನಡೆಯುವ ದಾರಿಯಿದೆ. ಬೆಕ್ಕಿಗೆಂದೇ ಸಿದ್ಧಪಡಿಸಿದ, 'ಸಂಪೂರ್ಣ ಮತ್ತು ಸಮತೋಲಿತ' ಎಂದು ನಮೂದಿಸಿದ ಪೊಟ್ಟಣದ ಆಹಾರದಲ್ಲಿ ಟೌರಿನ್ ಸೇರಿಸಿರುತ್ತಾರೆ. ಅದನ್ನು ಬೇಯಿಸುವ ಗೋಜಿಲ್ಲ. ಹಿತ್ತಲಿನಲ್ಲೋ ಪಡಸಾಲೆಯ ಮೂಲೆಯಲ್ಲೋ ಅದಕ್ಕೇ ಮೀಸಲಾದ ಡಬ್ಬಿ, ಬಟ್ಟಲು, ಚಮಚಗಳನ್ನು ಇರಿಸಿಕೊಂಡರಾಯಿತು. ಪೊಟ್ಟಣವನ್ನೂ ಒಲ್ಲದವರು ತಮ್ಮಷ್ಟಕ್ಕೆ ತಾವೇ ಪ್ರಯೋಗಕ್ಕಿಳಿಯದೆ ಪಶುವೈದ್ಯರ ಸಲಹೆ ಪಡೆಯಬೇಕು.

ಅನುಸರಿಸಬೇಕಾದ ಕ್ರಮ

ಮೊದಲು ಪಶು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಬೇರೆ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗರ್ಭಿಣಿ ಬೆಕ್ಕನ್ನು ಬೊಜ್ಜೆಂದು ಭ್ರಮಿಸಿ ಆಹಾರ ಕಡಿತಗೊಳಿಸುವ ಪ್ರಮಾದವೂ ಇದರಿಂದ ತಪ್ಪುತ್ತದೆ.

ಹಳೆಯ ಆಹಾರದಿಂದ ಹೊಸದಕ್ಕೆ ಹೊರಳಲು ಏಳರಿಂದ ಹತ್ತು ದಿನ ಹಿಡಿಯಬೇಕು. ಮೊದಲ ದಿನಗಳಲ್ಲಿ ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು, ಬಳಿಕ ಅರ್ಧರ್ಧ, ಆಮೇಲೆ ಪೂರ್ತಿ ಹೊಸದು. ಹಾಲನ್ನೂ ಹೀಗೆಯೇ ದಿನದಿನಕ್ಕೆ ತಗ್ಗಿಸುತ್ತ ಬಂದು ಅದರ ಸ್ಥಾನದಲ್ಲಿ ಶುದ್ಧ ನೀರಿಡಬೇಕು. ಬೆಕ್ಕಿಗೆ ಬಾಯಾರಿಕೆಯ ಪ್ರಜ್ಞೆ ಕಡಿಮೆ. ಆದ್ದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ಮೂರು ಕಡೆ ನೀರಿಡುವುದು ಒಳ್ಳೆಯದು.

ಆಹಾರವನ್ನು ಕಣ್ಣಳತೆಯಲ್ಲಿ ಹಾಕದೆ ತೂಗಿ ಹಾಕಬೇಕು. 4 ಕಿಲೊ ಗುರಿಯ ಬೆಕ್ಕಿಗೆ ತೂಕ ಇಳಿಸುವ ಅವಧಿಯಲ್ಲಿ ದಿನಕ್ಕೆ ಸುಮಾರು 160 ಕಿಲೊ ಕ್ಯಾಲರಿ ಸಾಕೆಂಬುದು ಪಶುವೈದ್ಯರು ಅನುಸರಿಸುವ ಸಾಮಾನ್ಯ ಲೆಕ್ಕ. ಒಣ ಆಹಾರದಲ್ಲಿ 100 ಗ್ರಾಮಿಗೆ 350ರಿಂದ 400 ಕಿಲೊ ಕ್ಯಾಲರಿ ಇರುವುದರಿಂದ ಇಡೀ ದಿನಕ್ಕೆ 40ರಿಂದ 45 ಗ್ರಾಂ ಆಯಿತು. ಪೊಟ್ಟಣದ ಮೇಲಿನ ಅಂಕಿಯನ್ನು ನೋಡಿ ಇದನ್ನು ಹೊಂದಿಸಿಕೊಳ್ಳಬೇಕು. ಕೈಗೆ ಇಷ್ಟೇ ಇಷ್ಟು ಎನಿಸುವ ಈ ಪಾಲನ್ನು ನಾಲ್ಕು ಸಲ ಹಂಚಿ ಕೊಟ್ಟರೆ ಬೆಕ್ಕಿನ ಗೋಳಾಟ ತಗ್ಗುತ್ತದೆ. ಹಲವು ಸಣ್ಣ ಊಟಗಳೇ ಅದರ ಸಹಜ ಕ್ರಮ.

ಮನೆಯ ಸಾರು, ಪಲ್ಯ, ಜುಣಕ, ಶೇಂಗಾ ಚಟ್ನಿಗಳನ್ನು ಸರ್ವಥಾ ಹಾಕಬಾರದು. ಇವುಗಳಲ್ಲಿರುವ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುವ ವಿಷ. ಕುಂಟುತ್ತಿದೆಯೆಂದು ಮನುಷ್ಯರ ನೋವಿನ ಮಾತ್ರೆ ಕೊಡುವುದಂತೂ ಘೋರ. ಪ್ಯಾರಾಸಿಟಮಾಲ್ ಮಾತ್ರೆಯೊಂದೇ ಬೆಕ್ಕನ್ನು ಕೊಲ್ಲಬಲ್ಲುದು.

ಕಳೆದುಹೋದ ದುಡಿಮೆಯನ್ನು ಆಟವಾಗಿ ಮರಳಿ ಕೊಡಬೇಕು. ದಾರಕ್ಕೆ ಕಟ್ಟಿದ ಬಟ್ಟೆಯ ಚೂರನ್ನು ಎಳೆದಾಡಿಸುತ್ತ ದಿನಕ್ಕೆ ಎರಡು ಮೂರು ಬಾರಿ ಐದರಿಂದ ಹತ್ತು ನಿಮಿಷ ಓಡಿಸಿದರೆ ಸಾಕು. ಮಕ್ಕಳಿಗೆ ಇದು ಪ್ರಿಯವಾದ ಕೆಲಸ. ಆಟ ಮುಗಿದ ಮೇಲೆ ದಾರವನ್ನು ಬೆಕ್ಕಿಗೆ ಸಿಗದಂತೆ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಆಹಾರದ ಕಾಳುಗಳನ್ನು ಒಂದೇ ಕಡೆ ಸುರಿಯದೆ ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಅಲ್ಲಲ್ಲಿ ಇಟ್ಟರೆ ಬೆಕ್ಕು ಹುಡುಕಿ, ಹತ್ತಿ, ಇಳಿದು ತಿನ್ನುತ್ತದೆ.

ಹಲವು ಕೈಗಳ ಮಮತೆ

ಇಷ್ಟೆಲ್ಲ ಮಾಡಿಯೂ ತೂಕ ಇಳಿಯದಿದ್ದರೆ ಕಾರಣವನ್ನು ಬಟ್ಟಲಿನಲ್ಲಿ ಹುಡುಕಬಾರದು, ಮನೆಯವರಲ್ಲಿ ಹುಡುಕಬೇಕು. ಕೂಡುಕುಟುಂಬದಲ್ಲಿ ಸೊಸೆ ತೂಗಿ ಹಾಕುತ್ತಾಳೆ. ಅಜ್ಜಿ ಮರುಕದಿಂದ ಕೆನೆ ಹಾಕುತ್ತಾಳೆ. ಮೊಮ್ಮಗ ಬಿಸ್ಕತ್ತು ಮುರಿದು ಕೊಡುತ್ತಾನೆ. ಪಕ್ಕದ ಮನೆಯವರು ಹಾಲಿಡುತ್ತಾರೆ. ಮಠ, ಗುಡಿಗಳ ಆವರಣದ ಬೆಕ್ಕುಗಳ ಪಾಡೂ ಇದೇ. ಬಂದ ಭಕ್ತರೆಲ್ಲ ಒಂದೊಂದು ತುತ್ತು ಹಾಕುತ್ತಾರೆ. ಒಂದೊಂದು ತುತ್ತೂ ಪ್ರೀತಿಯದೇ, ಕೂಡಿದರೆ ರೋಗದ್ದು. ಆದುದರಿಂದ ಉಣಿಸುವ ಹೊಣೆ ಒಬ್ಬರದಾಗಿರಬೇಕು. ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಡಬ್ಬಿಯಲ್ಲಿಟ್ಟರೆ, ಯಾರು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಬರಿದಾದರೆ ಅಂದಿನ ಊಟ ಮುಗಿಯಿತು. ನೆರೆಯವರಿಗೂ ವಿನಯದಿಂದ ತಿಳಿಸಿ ಹೇಳಬೇಕು.

ಬೆಕ್ಕು ಕಾಲಿಗೆ ಮೈಯುಜ್ಜಿ ಕೂಗುವುದೆಲ್ಲ ಹಸಿವಿನ ಕೂಗಲ್ಲ. ಎಷ್ಟೋ ಸಲ ಅದು ಬೇಡುವುದು ನಮ್ಮ ಗಮನವನ್ನು. ಆಗ ಬಟ್ಟಲಿನ ಬದಲು ಕೈಯನ್ನು ಚಾಚಿ ತಲೆ ಸವರಬೇಕು. ಎರಡು ವಾರಕ್ಕೊಮ್ಮೆ ತೂಕ ನೋಡಿ ಗೋಡೆಯ ಪಂಚಾಂಗದಲ್ಲಿ ಬರೆದಿಡಬೇಕು. ವಾರಕ್ಕೆ 100 ಗ್ರಾಮಿಗಿಂತ ಹೆಚ್ಚು ಇಳಿಯುತ್ತಿದ್ದರೆ ಆಹಾರವನ್ನು ಸ್ವಲ್ಪ ಹೆಚ್ಚಿಸಿ ವೈದ್ಯರನ್ನು ಕಾಣಬೇಕು. ಒಂದು ತಿಂಗಳಾದರೂ ಕದಲದಿದ್ದರೆ ವೈದ್ಯರ ಸಲಹೆಯಂತೆ ಪಾಲನ್ನು ತುಸು ತಗ್ಗಿಸಬೇಕು. ಗುರಿ ಮುಟ್ಟಿದ ಮೇಲೂ ತಕ್ಕಡಿಯನ್ನು ಅಟ್ಟಕ್ಕೆ ಸೇರಿಸದೆ ತಿಂಗಳಿಗೊಮ್ಮೆ ತೂಗುತ್ತಿದ್ದರೆ ಇಳಿದ ತೂಕ ಮತ್ತೆ ಏರದು.