ಒಂದು ಕೌಂಟಿಯ ಹೆಸರು ಸುಳ್ಳಿಗೆ ಅಂಟಿದ ಬಗೆ

ಹುರುಳಿಲ್ಲದ ಮಾತು, ಹಸಿ ಸುಳ್ಳು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಬಂಕಮ್’ ಎಂಬ ಪದ ಯಾವ ಲ್ಯಾಟಿನ್ ಧಾತುವಿನಿಂದಲೂ ಹುಟ್ಟಿದ್ದಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಆಶ್‌ವಿಲ್ ನಗರವನ್ನು ಆಡಳಿತ ಕೇಂದ್ರವಾಗಿ ಉಳ್ಳ ಬಂಕಮ್ ಕೌಂಟಿಯೇ ಅದರ ತವರು. ನಮ್ಮ ಕಾಲೇಜು ಹುಡುಗರು ಹೊಡೆಯುವ ‘ಬಂಕ್’ಗೂ ಇದಕ್ಕೂ ನಂಟಿಲ್ಲ.

ಮಿಸೌರಿಯನ್ನು ಗುಲಾಮಗಿರಿಗೆ ಅವಕಾಶವುಳ್ಳ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ 1820ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯನ್ನು ದೀರ್ಘಕಾಲ ಕಾಡಿತ್ತು. ಚರ್ಚೆ ಮುಗಿಯುತ್ತ ಬಂದು, ದಣಿದ ಸದಸ್ಯರು ವಿಷಯವನ್ನು ಮತಕ್ಕೆ ಹಾಕಿ ಎಂದು ಕೂಗುತ್ತಿದ್ದಾಗ, ಬಂಕಮ್ ಸೇರಿದ್ದ ಕ್ಷೇತ್ರದ ಪ್ರತಿನಿಧಿ ಫೆಲಿಕ್ಸ್ ವಾಕರ್ ಮಾತಿಗೆ ಎದ್ದು ನಿಂತರು. ಸಾಕು ಎಂದವರಿಗೆ ಅವರು ಕೊಟ್ಟ ಉತ್ತರದ ಸಾರ, ತಾವು ಮಾತಾಡಬೇಕಾಗಿರುವುದು ಬಂಕಮ್‌ಗಾಗಿ ಎಂಬುದು. ವಾಕರ್ ಅಂದು ಸುಳ್ಳಾಡಿದರು ಎಂಬುದಲ್ಲ ಈ ಪ್ರಸಂಗದ ವಿಶೇಷ. ಎದುರಿಗಿದ್ದ ಕಿವಿಗಳನ್ನು ಬಿಟ್ಟು ದೂರದ ಮತದಾರರ ಕಿವಿಗೆ ಗುರಿಯಿಟ್ಟ ಮಾತು ಅದು. ಸಭೆಯನ್ನು ಒಪ್ಪಿಸುವ ಹೊಣೆ ಅದಕ್ಕಿರಲಿಲ್ಲ.

ಆಮೇಲಿನದು ಅರ್ಥವಿಸ್ತರಣೆಯ ಕೆಲಸ. ‘ಬಂಕಮ್‌ಗಾಗಿ ಮಾತಾಡುವುದು’ ಎಂಬ ನುಡಿಗಟ್ಟು ಮೊದಲು ಮತದಾರರನ್ನು ಮೆಚ್ಚಿಸುವ ಭಾಷಣಕ್ಕೆ, ಬಳಿಕ ಟೊಳ್ಳು ಮಾತಿಗೆ, ಕೊನೆಗೆ ಅಪ್ಪಟ ಸುಳ್ಳಿಗೇ ಅನ್ವಯವಾಯಿತು. ಊರಿನ ಹೆಸರಿನ ಬರವಣಿಗೆಯಲ್ಲಿ ಉಚ್ಚಾರಕ್ಕೆ ಬಾರದ ಅಕ್ಷರಗಳಿದ್ದವು. ಪದ ಬಾಯಿಂದ ಬಾಯಿಗೆ ಹರಿದಂತೆ ಕಿವಿಗೆ ಕೇಳಿದ ಹಾಗೆಯೇ ಬರೆಯುವ ರೂಢಿ ಬಂದು, ಊರಿನ ಗುರುತು ಅಳಿಸಿಹೋಯಿತು. ಆ ಕೌಂಟಿಗೆ ಹೆಸರು ಬಂದದ್ದು ಎಡ್ವರ್ಡ್ ಬಂಕಮ್ ಎಂಬ ಕರ್ನಲ್‌ನಿಂದ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ, 1777ರ ಜರ್ಮನ್‌ಟೌನ್ ಕಾಳಗದಲ್ಲಿ ಗಾಯಗೊಂಡು, ಬ್ರಿಟಿಷರ ಸೆರೆಯಲ್ಲೇ ಪ್ರಾಣಬಿಟ್ಟವನು ಆತ. ಅಂಥವನ ಹೆಸರು ಪೊಳ್ಳುಮಾತಿನ ಹೆಸರಾದದ್ದು ನೋವಿನ ಸಂಗತಿ. ಆದರೆ ಪದಗಳ ಪಯಣದಲ್ಲಿ ಯೋಗ್ಯತೆಯ ಲೆಕ್ಕ ನಡೆಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಪದದ ಬಾಲ ಉದುರಿ ‘ಬಂಕ್’ ಉಳಿದಿತ್ತು. 1923ರಲ್ಲಿ ವಿಲಿಯಂ ವುಡ್‌ವರ್ಡ್ ‘ಬಂಕ್’ ಎಂಬ ಹೆಸರಿನದೇ ಕಾದಂಬರಿಯಲ್ಲಿ ಅದಕ್ಕೆ ‘ತೆಗೆದುಹಾಕು’ ಎಂಬರ್ಥದ ‘ಡಿ’ ಎಂಬ ಪೂರ್ವಪ್ರತ್ಯಯ ಜೋಡಿಸಿ ‘ಡಿಬಂಕ್’ ಎಂಬ ಕ್ರಿಯಾಪದ ಕಟ್ಟಿದರು. ಸುಳ್ಳುಸುದ್ದಿಯನ್ನು ಬಯಲು ಮಾಡುವ ಕೆಲಸಕ್ಕೆ ಇಂದು ಮನೋವಿಜ್ಞಾನಿಗಳು ಬಳಸುವುದೂ ಇದೇ ಪದವನ್ನು. ಅವರು ರೂಪಿಸಿದ, 2020ರಲ್ಲಿ ಪರಿಷ್ಕೃತಗೊಂಡ ಕೈಪಿಡಿಯೊಂದು ಒಂದು ಕ್ರಮವನ್ನೇ ಸೂಚಿಸುತ್ತದೆ: ಮೊದಲು ನಿಜ, ಆಮೇಲೆ ಎಚ್ಚರಿಕೆಯೊಂದಿಗೆ ಒಂದೇ ಸಲ ಸುಳ್ಳಿನ ಉಲ್ಲೇಖ, ಅದು ದಾರಿತಪ್ಪಿಸುವ ಬಗೆಯ ವಿವರಣೆ, ಕೊನೆಗೆ ಮತ್ತೆ ನಿಜ.