ಬೀಗ ತೆಗೆದ ಫೋನು

ಸೈಕಲ್ಲು ಕೊಂಡವನು ಅದರ ಸೀಟನ್ನು ಬದಲಿಸಬಹುದು, ಹಿಂದೆ ಕ್ಯಾರಿಯರ್ ಹಾಕಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸ್ಮಾರ್ಟ್‌ಫೋನಿನ ಮಾತು ಹಾಗಲ್ಲ. ಹಣ ಕೊಟ್ಟು ಕೊಂಡರೂ ಅದರ ಒಳಮನೆಯ ಬೀಗದ ಕೈ ತಯಾರಕರಲ್ಲಿಯೇ ಉಳಿದಿರುತ್ತದೆ. ಈ ಬೀಗವನ್ನು ತೆಗೆಯುವುದು ಒಳಿತೋ ಕೆಡುಕೋ ಎಂಬ ಚರ್ಚೆ ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವ ನಮ್ಮ ಮಿತ್ರರಲ್ಲಿ ಆಗಾಗ ನಡೆಯುವುದುಂಟು. ಆ ಬಗ್ಗೆ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಫೋನನ್ನು ಚಾಲೂ ಮಾಡಿದೊಡನೆ ಮೊದಲು ಎಚ್ಚರಗೊಳ್ಳುವ ಚಿಕ್ಕ ತಂತ್ರಾಂಶಕ್ಕೆ ಬೂಟ್‌ಲೋಡರ್ ಎಂದು ಹೆಸರು. ಅದು ಬಾಗಿಲು ಕಾಯುವವನಿದ್ದಂತೆ. ತಯಾರಕರ ಮುದ್ರೆಯಿರುವ ಆಂಡ್ರಾಯ್ಡನ್ನು ಮಾತ್ರ ಒಳಗೆ ಬಿಡುತ್ತದೆ. ಈ ಕಾವಲನ್ನು ತೆಗೆಯುವುದೇ ಅನ್‌ಲಾಕ್. ಆ ಬಳಿಕ ಫೋನಿನ ಸಮಸ್ತ ಕಡತಗಳ ಮೇಲೆ ಅಧಿಕಾರ ಪಡೆಯುವುದನ್ನು ರೂಟ್ ಮಾಡುವುದು ಎನ್ನುತ್ತಾರೆ.

ಇದರಿಂದ ಕನ್ನಡಿಗರಿಗೆ ಒಂದು ಕಾಲದಲ್ಲಿ ಆದ ಉಪಕಾರ ಸ್ಮರಣೀಯವಾದುದು. ಆಂಡ್ರಾಯ್ಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 2012ರಲ್ಲಿ, ಅದರ 4.1ನೆಯ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಅನೇಕ ಫೋನುಗಳಲ್ಲಿ ಕನ್ನಡದ ಬದಲು ಬರಿಯ ಚೌಕಗಳು ಕಾಣುತ್ತಿದ್ದವು. ಬಲ್ಲವರು ರೂಟ್ ಮಾಡಿ ಒಳಗೆ ಕನ್ನಡದ ಫಾಂಟನ್ನು ಇರಿಸಿದರು. ಒತ್ತಕ್ಷರಗಳು ಅಸ್ತವ್ಯಸ್ತವಾದರೂ ಅಕ್ಷರಗಳು ಕಣ್ಣಿಗೆ ಬಿದ್ದವು. ಇನ್ನೊಂದು ಲಾಭ ಹಳೆಯ ಫೋನಿನ ಆಯುಷ್ಯ. ತಯಾರಕರು ಕೈಬಿಟ್ಟ ಅನೇಕ ಫೋನುಗಳಿಗೆ ಲಿನಿಯೇಜ್ ಓಎಸ್ ಎಂಬ, 2016ರಿಂದ ಸ್ವಯಂಸೇವಕರು ನಡೆಸುತ್ತಿರುವ ಆಂಡ್ರಾಯ್ಡ್ ಹೊಸ ಜೀವ ಕೊಟ್ಟಿದೆ.

ಈ ಆಸೆಯಿಂದಲೇ ನಾನು ನಮ್ಮ ಮನೆಯಲ್ಲಿದ್ದ ಒಂದೇ ಫೋನಿನ ಬೀಗ ತೆಗೆದೆ. ಫೋನು ಚುರುಕಾಯಿತು. ಆದರೆ ಬೀಗ ತೆಗೆದೊಡನೆ ಒಳಗಿದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ನಾನು ಲಕ್ಷ್ಯಕ್ಕೆ ತಂದಿರಲಿಲ್ಲ. ದ್ರಾಕ್ಷಿಯ ತೂಕ, ದರ, ಬಾಕಿಗಳನ್ನು ವ್ಯಾಪಾರಿ ತಿಳಿಸಿದ್ದ ಧ್ವನಿಸಂದೇಶಗಳೆಲ್ಲ ಹೋದವು. ಬ್ಯಾಂಕಿನ ಆಪ್ ಈ ಫೋನು ಸುರಕ್ಷಿತವಲ್ಲವೆಂದು ತೆರೆಯಲೊಲ್ಲದಾಯಿತು. ತಂದೆಯವರು ಸಿಟ್ಟಾಗಲಿಲ್ಲ. “ಫೋನ್ ಹೊಸಾದ ಆತಪಾ, ನನ್ನ ಲೆಕ್ಕ ಎಲ್ಲಿ ಹೋತು?” ಎಂದಷ್ಟೇ ಕೇಳಿದರು. ಮೂಲ ಆಂಡ್ರಾಯ್ಡನ್ನು ಹಾಕಿ ಮತ್ತೆ ಬೀಗ ಜಡಿದ ಮೇಲೆ ಆಪ್ ತೆರೆಯಿತು, ಲೆಕ್ಕ ಮರಳಲಿಲ್ಲ.

ಹಾಗೆ ಅಳಿಸುವುದು ತಯಾರಕರ ಹಗೆತನವಲ್ಲವೆಂದು ಆಮೇಲೆ ಓದಿ ತಿಳಿದೆ. ಕದ್ದವನು ಬೀಗ ತೆಗೆದರೂ ನಮ್ಮ ಗುಟ್ಟು ಅವನ ಕೈಗೆ ಸಿಗಬಾರದೆಂದೇ ಆ ಏರ್ಪಾಡು. ಬೀಗ ತೆರೆದ ಫೋನಿನಲ್ಲಿ ಆಂಡ್ರಾಯ್ಡನ್ನು ಯಾರಾದರೂ ತಿದ್ದಿರಬಹುದಾದ್ದರಿಂದ ಬ್ಯಾಂಕುಗಳೂ ಅದನ್ನು ನಂಬವು. ಇದಲ್ಲದೆ ವಾರಂಟಿ ತಪ್ಪಬಹುದು. ತಪ್ಪು ಕಡತ ಹಾಕಿದರೆ ಫೋನು ಏಳದೆಯೇ ಹೋಗಬಹುದು. ಇನ್ನು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ತಿದ್ದುವುದಂತೂ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಗಳವರೆಗೆ ದಂಡ ಹೇಳಿದೆ.

ಹಾಗಾದರೆ ಬೀಗಕ್ಕೆ ಕೈ ಹಚ್ಚಲೇಬಾರದೆ? ಹಚ್ಚಬೇಕು, ಕಲಿಯಬೇಕು. ಆದರೆ ಮೂಲೆಗೆ ಬಿದ್ದ ಹಳೆಯ ಫೋನಿನ ಮೇಲೆ, ಒಳಗಿನದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡು. ಮನೆಯ ವ್ಯವಹಾರವೆಲ್ಲ ಯಾವ ಫೋನಿನಲ್ಲಿದೆಯೋ ಅದು ನಮ್ಮ ಪ್ರಯೋಗಶಾಲೆಯಲ್ಲ. ಆ ಫೋನಿನ ಬೀಗ ತೆಗೆಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಲೇಸು. ನಾನು ಕೇಳಿರಲಿಲ್ಲ.