ಸಿದ್ಧರಾಮನ ಕೆರೆಯಿಂದ ಸ್ವಾಮಿಗಳ ಆಲದ ಮರಕ್ಕೆ: ಸೊಲ್ಲಾಪುರ–ಅಕ್ಕಲಕೋಟದ ಒಂದು ದಿನದ ಪ್ರವಾಸ

ವಿಜಯಪುರ, ಕಲಬುರಗಿ ಕಡೆಯವರಿಗೆ ಸೊಲ್ಲಾಪುರ ಮತ್ತು ಅಕ್ಕಲಕೋಟ ಒಂದೇ ದಿನದಲ್ಲಿ ನೋಡಿ ಬರಬಹುದಾದ ಊರುಗಳು. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 110. ಅಲ್ಲಿಂದ ಆಗ್ನೇಯಕ್ಕೆ ಇನ್ನು 40 ಕಿಲೋಮೀಟರ್ ಹೋದರೆ ಅಕ್ಕಲಕೋಟ. ಹತ್ತು ಹನ್ನೆರಡು ಜನ ಸೇರಿ ಕ್ರೂಸರ್ ಗಾಡಿಯನ್ನೋ ಟೆಂಪೊ ಟ್ರಾವೆಲರನ್ನೋ ಬಾಡಿಗೆಗೆ ಹಿಡಿಯುವುದು ಈ ಭಾಗದ ರೂಢಿ. ದೊಡ್ಡ ಗುಂಪಾದರೆ ಬಸ್ಸು, ಸಣ್ಣ ಕುಟುಂಬವಾದರೆ ರೈಲು. ಜೊತೆಗೆ ದಾರಿ ಬಲ್ಲವರೊಬ್ಬರು ಇರುತ್ತಾರೆ. ಅವರು ಪ್ರವಾಸ ಏರ್ಪಡಿಸಿದವರ ಕಡೆಯವರಾಗಿರಬಹುದು, ಹಿಂದೆ ಹಲವು ಸಲ ಹೋಗಿಬಂದ ಊರ ಹಿರಿಯರಾಗಿರಬಹುದು. ಬಹಳ ಸಲ ಗಾಡಿಯ ಚಾಲಕರೇ ಆ ಕೆಲಸವನ್ನೂ ಮಾಡುತ್ತಾರೆ.

ಜೊತೆಗೊಬ್ಬ ತಿಳಿದವನನ್ನು ಇಟ್ಟುಕೊಂಡು ಗುಂಪಾಗಿ ಹೋಗಿ ಅಂದೇ ಮರಳುವ ಪ್ರವಾಸ ಒಂದು ಉದ್ಯಮವಾಗಿ ಬೆಳೆದದ್ದು ರೈಲು ಬಂದ ಮೇಲೆ. 1841ರ ಜುಲೈ 5ರಂದು ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಾಫ್‌ಬರೋ ಊರಿಗೆ ಸುಮಾರು 500 ಜನರನ್ನು ತಲೆಗೊಂದು ಶಿಲಿಂಗ್ ಪಡೆದು ಪಾನನಿರೋಧದ ಸಭೆಗೆ ಕರೆದೊಯ್ದದ್ದನ್ನು ಅದರ ಆರಂಭವೆಂದು ಹೇಳುವುದುಂಟು. ಇಂದು ಕೆರಿಬಿಯನ್ ದ್ವೀಪಗಳ ಕಡಲತೀರದ ಎಷ್ಟೋ ಊರುಗಳು ಇಂಥ ಪ್ರವಾಸಗಳಿಂದಲೇ ಬದುಕುತ್ತಿವೆ. ಪ್ರವಾಸಿಗರು ಬೆಳಿಗ್ಗೆ ಹಡಗಿನಿಂದ ಇಳಿಯುತ್ತಾರೆ, ಸಂಜೆ ಹಡಗು ಹೊರಡುವ ಮುಂಚೆ ಹಿಂದಿರುಗುತ್ತಾರೆ. ನಡುವಿನ ಕೆಲವು ಗಂಟೆಗಳಲ್ಲಿ ಮಾರ್ಗದರ್ಶಿ ತೋರಿಸಿದ್ದೇ ಅವರ ಪಾಲಿನ ಊರು. ಸೊಲ್ಲಾಪುರಕ್ಕೆ ಬರುವವರ ಪಾಡೂ ಇದೇ. ಅಕ್ಕಲಕೋಟದಲ್ಲಿ ದರ್ಶನ, ಸೊಲ್ಲಾಪುರದಲ್ಲಿ ಚಾದರದ ಅಂಗಡಿ, ಇಷ್ಟಕ್ಕೆ ಮುಗಿಯುವ ಪ್ರವಾಸಗಳೇ ಹೆಚ್ಚು. ಕನ್ನಡಿಗರ ಮಟ್ಟಿಗೆ ಇದು ದೊಡ್ಡ ನಷ್ಟ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅದರ ಕಥೆಯನ್ನು ಹೇಳುವವರು ಜೊತೆಗಿದ್ದರೆ ಅದೇ ದಾರಿ, ಅದೇ ಖರ್ಚಿನಲ್ಲಿ ಕನ್ನಡ ನಾಡಿನ ಚರಿತ್ರೆಯ ಒಂದು ಮುಖ್ಯ ಭಾಗವನ್ನೇ ಕಣ್ಣಾರೆ ಕಾಣಬಹುದು.

ಬೆಳಗಿನ ಹೊತ್ತನ್ನು ಸೊಲ್ಲಾಪುರಕ್ಕೆ, ಮಧ್ಯಾಹ್ನದ ನಂತರದ ಹೊತ್ತನ್ನು ಅಕ್ಕಲಕೋಟಕ್ಕೆ ಇಟ್ಟುಕೊಳ್ಳುವುದು ಅನುಕೂಲ. ಆರು ಗಂಟೆಗೆ ವಿಜಯಪುರ ಬಿಟ್ಟರೆ ಧೂಳಖೇಡದ ಬಳಿ ಭೀಮಾ ನದಿಯ ಸೇತುವೆ ದಾಟಿ ಮಹಾರಾಷ್ಟ್ರ ಸೇರಿ, ಎಂಟರ ಸುಮಾರಿಗೆ ಸೊಲ್ಲಾಪುರದಲ್ಲಿರಬಹುದು.

ಮೊದಲು ನೋಡಬೇಕಾದದ್ದು ಸಿದ್ಧೇಶ್ವರ ಗುಡಿ. ಊರ ನಡುವೆ ದೊಡ್ಡ ಕೆರೆ, ಕೆರೆಯ ನಡುವೆ ಗುಡಿ. ಇದು ಶಿವಶರಣ ಸಿದ್ಧರಾಮನ ಸ್ಥಳ. ಅವನು ಮುದ್ದುಗೌಡ ಮತ್ತು ಸುಗ್ಗಲೆಯರ ಮಗ. ಎಳೆಯನಾಗಿದ್ದಾಗಲೇ ಮಲ್ಲಿಕಾರ್ಜುನನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದ, ಅಲ್ಲಿ ದೇವರ ಅಪ್ಪಣೆ ಪಡೆದು ಸೊನ್ನಲಿಗೆಗೆ ಮರಳಿದ ಎಂಬುದು ಅವನ ಕಥೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಬದುಕನ್ನು ಕಾವ್ಯವಾಗಿಸಿದೆ. ಊರಿಗೆ ಮರಳಿದ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ. ಸೊಲ್ಲಾಪುರ ಮಳೆ ಕಡಿಮೆ ಇರುವ, ಬರದ ಸೀಮೆ. ಇಂಥಲ್ಲಿ ಕೆರೆ ಕಟ್ಟುವುದು ಎಂಥ ಕೆಲಸ ಎಂಬುದು ಬೇಸಿಗೆಯಲ್ಲಿ ಹೋದವರಿಗೆ ವಿವರಿಸದೆಯೇ ತಿಳಿಯುತ್ತದೆ.

ಶರಣ ಚಳವಳಿಯ ಬಹು ದೊಡ್ಡ ಮುಖಾಮುಖಿಯೊಂದು ನಡೆದದ್ದೂ ಈ ಕೆರೆಯ ಕೆಲಸದ ನಡುವೆಯೇ. ಶೂನ್ಯಸಂಪಾದನೆಗಳ ಪ್ರಕಾರ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆ ತೋಡುವವರ ಮುಂದೆ ಸಿದ್ಧರಾಮನನ್ನು ‘ಒಡ್ಡರಾಮ’ ಎಂದು ಕೆಣಕುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಸಿದ್ಧರಾಮ ಬರುತ್ತಾನೆ, ಇಬ್ಬರ ನಡುವೆ ವಾದ ನಡೆಯುತ್ತದೆ. ಹೊರಗಿನ ಕೆರೆ ಗುಡಿಗಳನ್ನು ಕಟ್ಟುತ್ತ ಒಳಗನ್ನು ಮರೆತೆಯಾ ಎಂಬುದು ಅಲ್ಲಮನ ಪ್ರಶ್ನೆಯ ತಿರುಳು. ಕೊನೆಗೆ ಸಿದ್ಧರಾಮ ಅವನೊಡನೆ ಕಲ್ಯಾಣಕ್ಕೆ ಹೋಗುತ್ತಾನೆ, ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆಯುತ್ತಾನೆ. ಅಲ್ಲಮ ಮತ್ತು ಚೆನ್ನಬಸವಣ್ಣನ ತರುವಾಯ ಶೂನ್ಯಪೀಠಕ್ಕೆ ಅಧ್ಯಕ್ಷನಾದವನು ಅವನೇ ಎಂದು ಪರಂಪರೆ ಹೇಳುತ್ತದೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಅವನ ವಚನಗಳು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಬಾಳಿನ ಕೊನೆಯಲ್ಲಿ ಅವನು ಸೊನ್ನಲಿಗೆಗೇ ಮರಳಿದ. ಗುಡಿಯ ಅಂಗಳದಲ್ಲಿರುವ ಯೋಗಸಮಾಧಿ ಅವನದು. ಗರ್ಭಗುಡಿಯ ದರ್ಶನ ಮುಗಿಸಿ ಹೊರಡುವ ಗುಂಪುಗಳು ಇದರ ಮುಂದೆ ಐದು ನಿಮಿಷವಾದರೂ ನಿಲ್ಲಬೇಕು. ಈ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದ ಜಾಗ ಮತ್ತೊಂದಿಲ್ಲ.

ಜನವರಿ ನಡುವೆ ಹೋಗುವವರಿಗೆ ಸಿದ್ಧೇಶ್ವರ ಜಾತ್ರೆ ಸಿಗುತ್ತದೆ. ಊರವರು ಇದನ್ನು ಗಡ್ಡಾ ಜಾತ್ರೆ ಎನ್ನುತ್ತಾರೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನು ಮದುವೆಯಾಗಲು ಬಯಸಿದಳಂತೆ. ಯೋಗಿಯಾದ ತನಗೆ ಮದುವೆ ಸಲ್ಲದೆಂದು ಅವನು ತನ್ನ ಯೋಗದಂಡವನ್ನು ವರಿಸಲು ಹೇಳಿದನಂತೆ. ಜಾತ್ರೆಯಲ್ಲಿ ವರ್ಷವರ್ಷವೂ ಆ ಮದುವೆಯೇ ನಡೆಯುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಅಂದು ಎಣ್ಣೆಮಜ್ಜನ. ಸಂಕ್ರಾಂತಿಯ ದಿನ ಗುಡಿಯ ಬಳಿಯ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಮರುದಿನ ಹೋಮದ ಮೈದಾನದಲ್ಲಿ ಹೋಮ, ಆಮೇಲೆ ಮದ್ದುಸುಡುವ ಶೋಭೆ. ಆಳೆತ್ತರವನ್ನು ಎಷ್ಟೋ ಮೀರಿದ ಭಾರದ ನಂದಿಧ್ವಜವನ್ನು ಸೊಂಟಕ್ಕೆ ಕಟ್ಟಿದ ಪಟ್ಟಿಯ ಮೇಲೆ ನಿಲ್ಲಿಸಿಕೊಂಡು ಬರಿಗಾಲಲ್ಲಿ ನಡೆಯುವವರು ಬಿಳಿಯ ಬಾರಾಬಂದಿ ಅಂಗಿ ತೊಟ್ಟಿರುತ್ತಾರೆ. ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಧ್ವಜದ ಮಾನವಿದೆ. ಈ ದಿನಗಳಲ್ಲಿ ಊರೊಳಗೆ ಗಾಡಿ ಓಡಾಡುವುದು ಕಷ್ಟ. ಜಾತ್ರೆ ನೋಡಲೆಂದೇ ಹೋಗುವವರು ಅಂದು ಅಕ್ಕಲಕೋಟದ ಆಸೆ ಬಿಡುವುದು ಒಳ್ಳೆಯದು.

ಕೆರೆಯ ಪಕ್ಕದಲ್ಲೇ ಭುಯಿಕೋಟ. ಬೆಟ್ಟದ ಮೇಲಲ್ಲದೆ ನೆಲದ ಮೇಲೆಯೇ ಕಟ್ಟಿ, ಸುತ್ತ ಕಂದಕ ತೋಡಿದ ಬಹಮನಿ ಕಾಲದ ಕೋಟೆ ಇದು. ಒಳಗೆ ಹಳೆಯ ದೇವಾಲಯವೊಂದರ ಅವಶೇಷಗಳಿವೆ. ಈ ಕೋಟೆಗಾಗಿ ವಿಜಯಪುರದ ಆದಿಲಶಾಹಿಗಳೂ ಅಹಮದನಗರದ ನಿಜಾಮಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1524ರಲ್ಲಿ ಸೊಲ್ಲಾಪುರದಲ್ಲಿಯೇ ಎರಡೂ ಮನೆತನಗಳು ಕೂಡಿ, ಇಸ್ಮಾಯಿಲ್ ಆದಿಲಶಹನ ತಂಗಿ ಮರಿಯಮ್‌ಳನ್ನು ಬುರ್ಹಾನ್ ನಿಜಾಮಶಹನಿಗೆ ಕೊಟ್ಟು ಮದುವೆ ಮಾಡಿದವು. ಬಳುವಳಿಯಾಗಿ ಬರಬೇಕಿದ್ದ ಕೋಟೆ ನಿಜಾಮಶಹನ ಕೈಗೆ ಬರಲಿಲ್ಲವೆಂದು ಮತ್ತೆ ಯುದ್ಧಗಳಾದವು. 1560ರ ದಶಕದಲ್ಲಿ ನಿಜಾಮಶಾಹಿ ಮನೆತನದ ಚಾಂದಬೀಬಿಯನ್ನು ಮೊದಲನೆಯ ಅಲಿ ಆದಿಲಶಹನಿಗೆ ಕೊಟ್ಟಾಗ ಕೋಟೆ ಅವಳ ಬಳುವಳಿಯಾಗಿ ವಿಜಯಪುರಕ್ಕೆ ಬಂತು. ಆ ನೆಂಟಸ್ತನದಿಂದ ಗಟ್ಟಿಯಾದ ಸುಲ್ತಾನರ ಒಕ್ಕೂಟವೇ 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರವನ್ನು ಸೋಲಿಸಿತು. ಹಂಪೆಯನ್ನು ಕಂಡು ಮರುಗಿದವರು ಸೊಲ್ಲಾಪುರದ ಕೋಟೆಯನ್ನೂ ಒಮ್ಮೆ ನೋಡಬೇಕು. 1818ರಲ್ಲಿ ಇದು ಬ್ರಿಟಿಷರ ವಶವಾಯಿತು.

ಊರೊಳಗಿನ ಚಾರ್ ಹುತಾತ್ಮಾ ಚೌಕದಲ್ಲಿ ನಾಲ್ವರ ಪ್ರತಿಮೆಗಳಿವೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದೊಡನೆ ಸೊಲ್ಲಾಪುರದ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಗೋಲೀಬಾರಾಯಿತು, ಆಡಳಿತ ಕುಸಿಯಿತು, ಸರಕಾರ ಊರಿಗೆ ಮಾರ್ಷಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಸೊಲ್ಲಾಪುರ–ಪುಣೆ ನಡುವೆ ಓಡುವ ಹುತಾತ್ಮಾ ಎಕ್ಸ್‌ಪ್ರೆಸ್‌ಗೆ ಆ ಹೆಸರು ಬಂದದ್ದು ಇವರಿಂದ. ಚೀನಾದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್ ಹುಟ್ಟಿದ್ದೂ ಇದೇ ಊರಿನಲ್ಲಿ. ಅವರ ಸ್ಮಾರಕವೂ ಇಲ್ಲಿದೆ.

ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ದಾರಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುವುದು ಅಪರೂಪವಲ್ಲ. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿ ಅವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ. ದ.ರಾ. ಬೇಂದ್ರೆ 1944ರಿಂದ 1956ರವರೆಗೆ ಇಲ್ಲಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1974ರ ಮಂಡ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಎನಿಸಿದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು. ಸಿದ್ಧರಾಮನ ಮೇಲೆ ಪುರಾಣ ಬರೆದವರೂ ಅವರೇ. ಮಾರ್ಗದರ್ಶಿಗಳು ಈ ಹೆಸರುಗಳನ್ನು ಹೇಳುವುದು ತೀರ ಕಡಿಮೆ.

ಚಾದರದ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ತೆಲಂಗಾಣದ ಕಡೆಯಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಈ ಉದ್ಯಮದ ಬೆನ್ನೆಲುಬು. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹತ್ತಿಯ ದಪ್ಪ ನೂಲು, ಎರಡೂ ಮಗ್ಗುಲಿಗೆ ಕಾಣುವಂತೆ ನೇಯ್ದ ಚಿತ್ತಾರ ಅದರ ಲಕ್ಷಣ. ಮುದ್ರಿಸಿದ ತೆಳು ಬಟ್ಟೆಯನ್ನೂ ಇದೇ ಹೆಸರಿನಲ್ಲಿ ಮಾರುವವರಿರುವುದರಿಂದ ಮಗುಚಿ ನೋಡಿ ಕೊಳ್ಳಬೇಕು. ಚಾಲಕ ನಿಲ್ಲಿಸಿದ ಅಂಗಡಿಯಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡೇನೂ ಇಲ್ಲ. ಶೇಂಗಾ ಹಿಂಡಿ, ಕಟಕ ರೊಟ್ಟಿ, ಶೇಂಗಾ ಹೋಳಿಗೆ ಇಲ್ಲಿಯೂ ಹೆಸರುವಾಸಿ, ಬುತ್ತಿಗೂ ಒದಗುತ್ತವೆ.

ಹನ್ನೆರಡರ ಹೊತ್ತಿಗೆ ಸೊಲ್ಲಾಪುರ ಬಿಡಬೇಕು. ಅಕ್ಕಲಕೋಟದ ರಸ್ತೆ ಮಗ್ಗದ ಕಾರ್ಖಾನೆಗಳನ್ನು ಹಿಂದೆ ಹಾಕಿ ಜೋಳ, ತೊಗರಿಯ ಎರೆಹೊಲಗಳ ನಡುವೆ ಸಾಗುತ್ತದೆ. ಈ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮಾತು ಬಹುಪಾಲು ಕನ್ನಡವೇ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಗಡಿ ವಿವಾದದ ಬಗೆಗಿನ 1967ರ ಮಹಾಜನ್ ಆಯೋಗದ ವರದಿ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತ್ತು. ಅದು ಜಾರಿಗೆ ಬರಲಿಲ್ಲ.

ಅಕ್ಕಲಕೋಟದ ಶ್ರೀ ಸ್ವಾಮಿ ಸಮರ್ಥರು ಎಲ್ಲಿ, ಯಾವಾಗ ಹುಟ್ಟಿದರೆಂದು ತಿಳಿಯದು. ಮಂಗಳವೇಢೆಯಲ್ಲಿ ಕೆಲಕಾಲವಿದ್ದು 1856ರ ಸುಮಾರಿಗೆ ಇಲ್ಲಿಗೆ ಬಂದರು. ಹುಮನಾಬಾದಿನ ಮಾಣಿಕಪ್ರಭುಗಳ ಜೊತೆಗೂ ಇದ್ದರೆಂಬ ಹೇಳಿಕೆಯಿದೆ. ಸುಮಾರು 22 ವರ್ಷ ಇದೇ ಊರಿನಲ್ಲಿದ್ದು 1878ರಲ್ಲಿ ದೇಹ ಬಿಟ್ಟರು. ಭಕ್ತರು ಅವರನ್ನು ದತ್ತಾತ್ರೇಯನ ಅವತಾರವೆಂದೂ, ಗಾಣಗಾಪುರದ ನೃಸಿಂಹ ಸರಸ್ವತಿಗಳೇ ಮರಳಿ ಬಂದರೆಂದೂ ನಂಬುತ್ತಾರೆ. ಕರ್ನಾಟಕದಿಂದ ಬರುವ ಎಷ್ಟೋ ಗುಂಪುಗಳು ಅಕ್ಕಲಕೋಟವನ್ನೂ ಗಾಣಗಾಪುರವನ್ನೂ ಕೂಡಿಸಿಯೇ ನೋಡುವುದು ಈ ನಂಬಿಕೆಯಿಂದ.

ಊರಿನಲ್ಲಿ ಎರಡು ಮುಖ್ಯ ಸ್ಥಾನಗಳಿವೆ. ಸ್ವಾಮಿಗಳು ಕೂರುತ್ತಿದ್ದ ಆಲದ ಮರದ ಸುತ್ತ ಬೆಳೆದದ್ದು ವಟವೃಕ್ಷ ಮಂದಿರ, ಸಾಲು ಉದ್ದವಿರುವುದು ಇಲ್ಲಿ. ಇನ್ನೊಂದು ಸಮಾಧಿ ಮಠ. ಇದು ಅವರ ಶಿಷ್ಯ ಚೋಳಪ್ಪನ ಮನೆಯಿದ್ದ ಜಾಗದಲ್ಲಿದೆ. ಅವಸರದ ಗುಂಪುಗಳು ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಸ್ವಾಮಿಗಳ ದೇಹ ಇರುವುದು ಸಮಾಧಿ ಮಠದಲ್ಲಿ, ಅದನ್ನು ಬಿಡಬಾರದು. ಗುರುವಾರ, ಹುಣ್ಣಿಮೆ, ಗುರುಪೂರ್ಣಿಮೆ, ದತ್ತಜಯಂತಿ, ಚೈತ್ರದಲ್ಲಿ ಬರುವ ಪ್ರಕಟ ದಿನ ಮತ್ತು ಪುಣ್ಯತಿಥಿಗಳಂದು ಜನ ಕಿಕ್ಕಿರಿದಿರುತ್ತಾರೆ. ವೃದ್ಧರು, ಮಕ್ಕಳು ಇರುವ ಗುಂಪು ಈ ದಿನಗಳನ್ನು ತಪ್ಪಿಸುವುದು ಮೇಲು.

ಊಟ ಅನ್ನಛತ್ರದಲ್ಲಿ. 1988ರಲ್ಲಿ ಶುರುವಾದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ದಿನಕ್ಕೆರಡು ಹೊತ್ತು ಬಂದವರಿಗೆಲ್ಲ ಉಚಿತವಾಗಿ ಮಹಾಪ್ರಸಾದ ಬಡಿಸುತ್ತದೆ. ಯಾವ ಜಾತಿ, ಯಾವ ಊರು ಎಂದು ಕೇಳುವವರಿಲ್ಲ. ಪ್ಯಾಕೇಜಿನಲ್ಲಿ ‘ಊಟ ಸೇರಿದೆ’ ಎಂದು ಹಣ ಪಡೆದು ಇಲ್ಲಿಗೆ ಕರೆತರುವವರಿದ್ದರೆ ಮುಂಚೆಯೇ ಕೇಳಿ ತಿಳಿದುಕೊಳ್ಳುವುದು ನ್ಯಾಯ. ಆ ಹಣವನ್ನು ಅನ್ನಛತ್ರಕ್ಕೇ ಕಾಣಿಕೆಯಾಗಿ ಕೊಡಬಹುದು.

ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಛತ್ರಪತಿ ಶಾಹು ತನ್ನ ಮಗನಂತೆ ಬೆಳೆಸಿದ ರಾಣೋಜಿ ಲೋಖಂಡೆ, ಫತ್ತೇಸಿಂಗ ಭೋಸಲೆ ಎಂಬ ಹೆಸರು ಪಡೆದು ಇದರ ಮೂಲಪುರುಷನಾದ. ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಬಂದೂಕುಗಳ ದೊಡ್ಡ ಸಂಗ್ರಹವಿದೆ. ಹೊತ್ತು ಉಳಿದರೆ ಇದನ್ನು ನೋಡಬಹುದು.

ಇದೇ ದಿನಕ್ಕೆ ತುಳಜಾಪುರ, ಪಂಢರಪುರ, ಗಾಣಗಾಪುರಗಳನ್ನೂ ತುರುಕುವ ಪ್ಯಾಕೇಜುಗಳಿಂದ ದೂರವಿರಬೇಕು. ತುಳಜಾಪುರ ಸೊಲ್ಲಾಪುರದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್, ಪಂಢರಪುರ ಪಶ್ಚಿಮಕ್ಕೆ 70ಕ್ಕೂ ಹೆಚ್ಚು. ಎಲ್ಲ ಕಡೆಯೂ ಸಾಲಿನಲ್ಲೇ ಗಂಟೆಗಳು ಹೋಗುತ್ತವೆ. ಒಂದು ಜಾಗ ಸೇರಿಸಲೇಬೇಕೆಂದರೆ ಭೀಮಾ–ಸೀನಾ ಸಂಗಮದ ಹತ್ತರಸಂಗ ಕೂಡಲ ಸೇರಿಸಬಹುದು. ಅಲ್ಲಿನ ಹಳೆಯ ಗುಡಿಗಳಲ್ಲಿ ನೂರಾರು ಮುಖಗಳನ್ನು ಕೆತ್ತಿದ ಅಪೂರ್ವ ಶಿವಲಿಂಗವಿದೆ, ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲೊಂದೆಂದು ಹೇಳಲಾಗುವ 1018ರ ಶಿಲಾಲೇಖವಿದೆ. ಆಗ ಸೊಲ್ಲಾಪುರದ ಕೋಟೆಯನ್ನು ಬಿಡಬೇಕಾಗುತ್ತದೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ರೈಲಿನಲ್ಲಿ ಬಂದವರು ಮರಳಿ ಸೊಲ್ಲಾಪುರಕ್ಕೆ ಹೋಗಬೇಕಾಗಿಲ್ಲ. ಊರಿನಿಂದ ಸುಮಾರು 11 ಕಿಲೋಮೀಟರ್ ದೂರದ ಅಕ್ಕಲಕೋಟ ರೋಡ್ ನಿಲ್ದಾಣ ಸೊಲ್ಲಾಪುರ–ಕಲಬುರಗಿ–ವಾಡಿ ಮಾರ್ಗದಲ್ಲೇ ಇದೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಸಂಜೆಯ ಗಾಡಿಯನ್ನು ಬೆಳಿಗ್ಗೆಯೇ ವಿಚಾರಿಸಿಕೊಂಡು, ಗುಡಿಯ ಬಳಿ ಸಿಗುವ ರಿಕ್ಷಾ ಹಿಡಿದರೆ ಕತ್ತಲಾಗುವ ಮುಂಚೆ ನಿಲ್ದಾಣ ಸೇರಬಹುದು.